ಎಡಚ ಮೊದಲ ಬೇಸಿಗೆ ಬಂದ ವರ್ಷ

ಎಡಚನ ಕೈ ಅವನಿಗೇ ಕೈ ಕೊಟ್ಟಿದ್ದು ಒಂದು ಸಾಧಾರಣ ಎಸೆತದಲ್ಲಿ. ಬೇಸ್‌ಬಾಲ್ ಪಂದ್ಯ ಅರ್ಧವೂ ಮುಗಿದಿರಲಿಲ್ಲ. ಎದುರಿಗಿದ್ದ ಬ್ಯಾಟುಗಾರನೂ ಅಂಥ ಗಟ್ಟಿಗನೇನಲ್ಲ. ಮೈದಾನದ ನಡುವಿನ ಮಣ್ಣಿನ ದಿಬ್ಬದ ಮೇಲೆ ನಿಂತು, ಕಾಲೆತ್ತಿ, ಸೊಂಟ ತಿರುಗಿಸಿ, ಯಾವತ್ತಿನಂತೆ ಎಸೆದ. ಮೊಣಕೈಯ ಒಳಗೆ ಒದ್ದೆ ಬಟ್ಟೆ ಹರಿದಂಥ ಸದ್ದಾಯಿತು. ಅದು ಕೇಳಿಸಿದ್ದು ಅವನಿಗೊಬ್ಬನಿಗೇ. ಚೆಂಡು ಎಲ್ಲೋ ಹೋಗಿ ಬೇಲಿಗೆ ಬಡಿಯಿತು. ನೋಡುತ್ತಿದ್ದವರು ನಕ್ಕರು, ಎಡಚನಿಗೂ ಕೈ ತಪ್ಪುತ್ತದಲ್ಲ ಎಂದು. ಅವನು ಚೆಂಡು ತರಲು ಹೋಗದೆ, ಯಾರಿಗೂ ಏನೂ ಹೇಳದೆ, ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ದಿಬ್ಬದಿಂದ ಇಳಿದು ನಡೆದುಬಿಟ್ಟ. ಆಗ ನಗು ನಿಂತಿತು.

ಅವನು ಬಂದರಿನ ಐಸ್ ಕಾರ್ಖಾನೆಯ ಕೆಲಸಗಾರ. ತಾಯಿ ತಂದೆ ಬೇಗ ಹೋದ ಮೇಲೆ ಅಣ್ಣ ಅತ್ತಿಗೆ ಬೆಳೆಸಿದ ಹುಡುಗ. ಶಾಲೆಯಲ್ಲಿ ಎಡಗೈಯಲ್ಲಿ ಬರೆದದ್ದಕ್ಕೆ ಒಬ್ಬ ಮೇಷ್ಟ್ರಿಂದ ಏಟು ತಿಂದ. ಅದೇ ಶಾಲೆಯಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದ ಡ್ರಿಲ್ ಮೇಷ್ಟ್ರು, ಅವನು ದೋಣಿ ನಿಲ್ಲುವ ಧಕ್ಕೆಯ ಮೇಲೆ ನಿಂತು ದೂರದ ತೇಲುಪೀಪಾಯಿಗೆ ಕಲ್ಲು ಹೊಡೆಯುವುದನ್ನು ನೋಡಿ ಅದೇ ಎಡಗೈಗೆ ಬೇಸ್‌ಬಾಲ್ ಚೆಂಡು ಕೊಟ್ಟರು. ಅಲ್ಲಿಂದ ಅವನ ನಿಜವಾದ ಹೆಸರನ್ನು ಮನೆಯವರೂ ಮರೆತರು. ಮಾತು ಕಡಿಮೆ, ಅದೂ ಕೇಳಿದರೆ ಮಾತ್ರ. “ಬಾಯಲ್ಲಿ ಐಸ್ ಇಟ್ಕೊಂಡಿದೀಯೇನೋ? ಕರಗಿದ ಮೇಲಾದ್ರೂ ಒಂದು ಮಾತಾಡು” ಎಂದು ಅತ್ತಿಗೆ ಊಟಕ್ಕೆ ಬಡಿಸುವಾಗೆಲ್ಲ ಹೇಳುತ್ತಿದ್ದಳು. ಒಮ್ಮೆ ದೋಣಿ ಕಟ್ಟೆಯಲ್ಲಿ ಟಿಕೆಟ್ ಕೊಡುತ್ತಿದ್ದ ಹೆಂಗಸೊಬ್ಬಳ ಮೇಲೆ ಅವನಿಗೆ ಮನಸ್ಸಾಗಿತ್ತು. ಅವನು ಬಾಯಿ ಬಿಡುವಷ್ಟರಲ್ಲಿ ಆಕೆಗೆ ಮದುವೆಯಾಗಿ ಮಗುವೂ ಆಯಿತು. ವಯಸ್ಸು ಮೂವತ್ತೈದು ದಾಟಿದರೂ ಅಣ್ಣನ ಮನೆಯ ಹಿಂದಿನ ಕೋಣೆಯೇ ಅವನ ಮನೆ. ಒಂದು ಮಂಚ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಗ್ಲೌಸು, ಅಣ್ಣನ ಮಕ್ಕಳ ಹಳೆಯ ಸೈಕಲ್ಲು.

ಬೇಸ್‌ಬಾಲ್‌ನಲ್ಲಿ ಪಿಚರ್ ಅಂದರೆ ದಿಬ್ಬದ ಮೇಲಿಂದ ಬ್ಯಾಟುಗಾರನಿಗೆ ಚೆಂಡೆಸೆಯುವವನು. ಬ್ಯಾಟುಗಾರನ ಹಿಂದೆ ಕುಕ್ಕರುಗಾಲಲ್ಲಿ ಕೂತು ಆ ಚೆಂಡು ಹಿಡಿಯುವವನು ಕ್ಯಾಚರ್. ಬಂದರು ತಂಡಕ್ಕೆ ಎಡಚ ಪಿಚರ್, ಕ್ರೇನ್ ನಡೆಸುವ ಡ್ರಮ್ಮು ಕ್ಯಾಚರ್. ಹೆಸರಿಗೆ ತಕ್ಕ ದಪ್ಪ ಆಳು. ಹತ್ತು ಹನ್ನೊಂದು ವರ್ಷ ಈ ಇಬ್ಬರೂ ಮಾತಾಡಿಕೊಂಡಿದ್ದು ಬೆರಳಲ್ಲೇ. ಡ್ರಮ್ಮು ತೊಡೆಗಳ ನಡುವೆ ಒಂದು ಬೆರಳು ತೋರಿಸಿದರೆ ವೇಗದ ಚೆಂಡು, ಎರಡು ತೋರಿಸಿದರೆ ತಿರುಗುವ ಚೆಂಡು. ಎಡಚ ಒಪ್ಪಿದರೆ ತಲೆದೂಗುತ್ತಿದ್ದ, ಬೇಡವಾದರೆ ಅಡ್ಡಡ್ಡ ಅಲ್ಲಾಡಿಸುತ್ತಿದ್ದ. ಎಸೆಯುವುದರಲ್ಲಿ ಅವನದು ಎತ್ತಿದ ಕೈ ಎಂದು ಊರೆಲ್ಲ ಹೇಳುತ್ತಿತ್ತು.

ಆ ಕೈ ಈಗ ಲೋಟ ಎತ್ತಿದರೂ ನೋಯುತ್ತಿತ್ತು. ಮೊಣಕೈಯ ಒಳಗಿನ ನಾರು ಹರಿದಿದೆ ಎಂದರು ಡಾಕ್ಟರು. ಆಪರೇಷನ್ ಮಾಡಿದರೂ ಎಸೆಯುವ ಕೈ ಮತ್ತೆ ಬರುತ್ತದೆಂದು ಹೇಳಲಾಗದು, ಬಿಟ್ಟರೆ ದಿನದ ಕೆಲಸಕ್ಕೇನೂ ತೊಂದರೆಯಿಲ್ಲ ಎಂದರು. “ಎಸೆಯೋದೊಂದು ಬಿಟ್ಬಿಡಿ” ಎಂದು, ವೀಳ್ಯ ತಂಬಾಕು ಬಿಡಿ ಅನ್ನುವಷ್ಟೇ ಸುಲಭವಾಗಿ ಹೇಳಿ ಮುಂದಿನವರನ್ನು ಕರೆದರು.

ತಂಡದ ಗ್ರಹಚಾರ ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಪಂದ್ಯದಲ್ಲೇ, ಮೂರು ಬೇಸು ಅಂದರೆ ಮೂರು ಠಾಣೆ ಸುತ್ತಿ, ಓಟ ಗಳಿಸಲು ಕ್ಯಾಚರ್ ಕಾಯುವ ಮನೆಯ ಬೇಸಿಗೆ ನುಗ್ಗಿದ ಎದುರಾಳಿ ಓಟಗಾರ ಡ್ರಮ್ಮಿನ ಮೇಲೆ ಬಿದ್ದ. ಅವನ ಬಲ ಮೊಣಕಾಲು ತಿರುಗಬಾರದ ಕಡೆಗೆ ತಿರುಗಿತು. ಡ್ರಮ್ಮನ್ನು ಎತ್ತಿಕೊಂಡು ಹೋಗಲು ಆರು ಜನ ಬೇಕಾಯಿತು.

ಎಡಚ ಆಸ್ಪತ್ರೆಗೆ ನೋಡಲು ಹೋದ. ಹಸಿರು ಪರದೆಯ ಪಕ್ಕದ ಮಂಚದಲ್ಲಿ ಡ್ರಮ್ಮು ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದ.

“ಬಂದ್ಯಾ?”

“ಹ್ಞೂಂ.”

“ಕೈ?”

“ಹಾಗೇ ಇದೆ. ಕಾಲು?”

“ಅದೂ ಹಾಗೇ ಇದೆ.”

ಅಲ್ಲಿಗೆ ಮಾತು ಮುಗಿಯಿತು. ಎಡಚ ಸ್ಟೂಲಿನ ಮೇಲೆ ಕೂತ. ಡ್ರಮ್ಮು ಛಾವಣಿಯ ಫ್ಯಾನು ನೋಡಿದ. ಇಷ್ಟು ವರ್ಷ ಅವರ ನಡುವೆ ಅರವತ್ತು ಅಡಿ ಮಣ್ಣೂ ಒಂದು ಚೆಂಡೂ ಇದ್ದವು. ಈಗ ಒಂದು ಮೊಳ ದೂರದಲ್ಲಿ ಕೂತು ಏನು ಹೇಳಬೇಕೆಂದು ಇಬ್ಬರಿಗೂ ತೋಚಲಿಲ್ಲ. ಡ್ರಮ್ಮಿನ ಹೆಂಡತಿ ಹಣ್ಣು ಸುಲಿದು ತಟ್ಟೆಯಲ್ಲಿಟ್ಟಳು, ಇಬ್ಬರೂ ತಿಂದರು. ಮಾತ್ರೆ ಕೊಡಲು ಬಂದ ನರ್ಸು ಇವರ ಮುಖ ನೋಡಿ, “ಏನಮ್ಮಾ, ಇಬ್ರೂ ಜಗಳ ಆಡಿದಾರಾ?” ಎಂದು ಆಕೆಯನ್ನು ಕೇಳಿದಳು. ಭೇಟಿಯ ಹೊತ್ತು ಮುಗಿದ ಗಂಟೆ ಬಾರಿಸಿದಾಗ ಎಡಚನಿಗೆ ಸಮಾಧಾನವಾಯಿತು. ಹೊರಗೆ ರಸ್ತೆಗೆ ಬಂದ ಮೇಲೆ ಮಾತ್ರ, ವಾಪಸ್ಸು ಹೋಗಿ ಇನ್ನೊಂದಿಷ್ಟು ಹೊತ್ತು ಕೂರಬೇಕಿತ್ತು ಅನ್ನಿಸಿತು. ಆಮೇಲೆ ಕ್ರೇನ್ ಏರುವುದು ಆಗದೆಂದು ಗೊತ್ತಾಗಿ ಡ್ರಮ್ಮು ಒಳನಾಡಿನ ಊರೊಂದರಲ್ಲಿದ್ದ ಮಗನ ಮನೆಗೆ ಹೊರಟುಹೋದ. ಬಸ್ಸು ಹತ್ತಿಸಲು ಎಡಚ ಹೋಗಿದ್ದ. ಪೆಟ್ಟಿಗೆ ಮೇಲೆ ಹಾಕಲು ಕೈ ಬರದೆ ಕಂಡಕ್ಟರನೇ ಹಾಕಿದ.

ಕಾರ್ಖಾನೆಯಲ್ಲೂ ಅವನ ಜಾಗ ಬದಲಾಯಿತು. ಮೊದಲು ಅವನಿದ್ದದ್ದು ಉಪ್ಪುನೀರಿನ ತೊಟ್ಟಿಯ ಕಡೆ. ನಾಲ್ಕು ಜನ ಸೇರಿ ತಗಡಿನ ಅಚ್ಚುಗಳನ್ನು ಮೇಲೆತ್ತಿ, ಐಸ್ ಗಡ್ಡೆಗಳನ್ನು ಮರದ ಜಾರುಹಲಗೆಯ ಮೇಲೆ ದೋಣಿಗಳಿಗೆ ತಳ್ಳುವ ಕೆಲಸ. ಬೈಗುಳ, ನಗೆ, ಒದ್ದೆ ಗೋಣಿಯ ವಾಸನೆ. ಈಗ ಅವನನ್ನು ಯಂತ್ರದ ಕೋಣೆಗೆ ಹಾಕಿದರು. ಅಲ್ಲಿ ಒಂದು ಕುರ್ಚಿ, ಗೋಡೆಯ ಮೇಲೆ ಸಾಲಾಗಿ ಮುಳ್ಳಿನ ಗಡಿಯಾರದಂಥ ಒತ್ತಡದ ಮಾಪಕಗಳು, ದಡದಡಿಸುವ ಪಂಪು. ಮುಳ್ಳು ಕೆಂಪು ಗೆರೆ ದಾಟದ ಹಾಗೆ ನೋಡಿಕೊಳ್ಳುವುದು ಅವನ ಕೆಲಸ. ಅದು ದಾಟುತ್ತಲೇ ಇರಲಿಲ್ಲ. ಪಾಳಿ ಪೂರ್ತಿ ಒಬ್ಬ ಮನುಷ್ಯನ ಮುಖ ಕಾಣುತ್ತಿರಲಿಲ್ಲ. ಮನೆಯಲ್ಲಿ ಮೊದಮೊದಲು ಅಣ್ಣ ದಿನಾ ಕೈ ವಿಚಾರಿಸುತ್ತಿದ್ದ. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಅದು ಮನೆಯ ಸೋರುವ ನಲ್ಲಿಯ ಹಾಗೆ ಎಲ್ಲರಿಗೂ ಗೊತ್ತಿರುವ, ಯಾರೂ ಎತ್ತದ ವಿಷಯವಾಯಿತು.

ತಂಡ ಮಾತ್ರ ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ. ಡ್ರಿಲ್ ಮೇಷ್ಟ್ರು ನಿವೃತ್ತರಾದರೂ ತಂಡದ ಯಜಮಾನಿಕೆ ಬಿಟ್ಟಿರಲಿಲ್ಲ. ಇದ್ದವರನ್ನೇ ಕಿತ್ತು ಕಿತ್ತು ಬೇರೆ ಕಡೆ ನೆಟ್ಟರು. ದೂರದಲ್ಲಿ ನಿಂತು ಚೆಂಡು ಹಿಡಿಯುತ್ತಿದ್ದ ಕ್ಷೌರದಂಗಡಿಯವನನ್ನು ದಿಬ್ಬ ಹತ್ತಿಸಿದರು. ಮೊದಲ ಬೇಸಿನಲ್ಲಿ ನಿಲ್ಲುತ್ತಿದ್ದ ಟೈಲರನಿಗೆ ಡ್ರಮ್ಮಿನ ಮುಖವಾಡ ಹಾಕಿ ಕ್ಯಾಚರ್ ಮಾಡಿದರು. ಆ ಮುಖವಾಡ ಅವನಿಗೆ ಎಷ್ಟು ದೊಡ್ಡದೆಂದರೆ ಒಳಗೆ ತಲೆ ಅಲ್ಲಾಡುತ್ತಿತ್ತು. ಕ್ಷೌರಿಕನ ಚೆಂಡಿಗೆ ವೇಗವೇ ಇರಲಿಲ್ಲ. “ಅದು ಬ್ಯಾಟಿನ ಹತ್ರ ಬರೋದ್ರೊಳಗೆ ಇಬ್ರ ಗಡ್ಡ ಹೆರೀಬಹುದು” ಎಂದು ಎಲ್ಲರೂ ರೇಡಿಯೋ ಅನ್ನುತ್ತಿದ್ದ ತಂಡದ ಬಾಯಿಬಡುಕ ಸಾರಿದ. ಆದರೆ ಎಡಚನ ವೇಗಕ್ಕೆ ಒಗ್ಗಿದ್ದ ಬ್ಯಾಟುಗಾರರು ಈ ಸೋಮಾರಿ ಚೆಂಡಿಗೆ ಕಾದು ಕಾದು ತಾಳ್ಮೆಗೆಟ್ಟು ಗಾಳಿಗೆ ಬ್ಯಾಟು ಬೀಸಿ ಹೋಗುತ್ತಿದ್ದರು. ಬಂದರು ತಂಡ ಗೆದ್ದಿತು. ಮತ್ತೊಮ್ಮೆ ಗೆದ್ದಿತು.

ಎಡಚ ಆ ಪಂದ್ಯಗಳನ್ನು ಮರದ ಮೆಟ್ಟಿಲುಗಳ ತುದಿಯಲ್ಲಿ ಕೂತು ನೋಡಿದ. ತಂಡ ಗೆದ್ದಾಗ ಎಲ್ಲರ ಜೊತೆ ಎದ್ದು ನಿಂತ. ಚಪ್ಪಾಳೆ ಹೊಡೆಯಲು ಹೋದರೆ ಮೊಣಕೈ ಚುಚ್ಚಿತು. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಬೇರೆ. ತಾನಿಲ್ಲದಿದ್ದರೆ ತಂಡ ನೆಲ ಕಚ್ಚುತ್ತದೆಂದು ಅವನು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ. ಆದರೂ ಒಳಗೆಲ್ಲೋ ಹಾಗೆ ನಂಬಿದ್ದ.

ಖಾಲಿ ಉಳಿದದ್ದು ಮೊದಲ ಬೇಸು. ಅಲ್ಲಿ ನಿಲ್ಲಿಸಿದವರೆಲ್ಲ ಚೆಂಡು ಬಿಡುತ್ತಿದ್ದರು. ಒಂದು ಮಧ್ಯಾಹ್ನ ಡ್ರಿಲ್ ಮೇಷ್ಟ್ರು ಸೀದಾ ಯಂತ್ರದ ಕೋಣೆಗೆ ಬಂದರು. ಪಂಪಿನ ಸದ್ದಿಗೆ ಕಿವಿ ಮುಚ್ಚಿಕೊಂಡು ಕೂಗಿದರು.

“ಭಾನುವಾರ ಮೊದಲನೇ ಬೇಸಲ್ಲಿ ನಿಂತ್ಕೋ!”

“ಮೇಷ್ಟ್ರೇ, ನಂಗೆ ಎಸೆಯೋಕಾಗಲ್ಲ.”

“ಎಸಿ ಅಂತ ಯಾರಪ್ಪ ಹೇಳಿದ್ರು? ಹಿಡಿ ಅಂತಿದೀನಿ. ನಿನ್ನ ಗ್ಲೌಸು ಬಲಗೈಗೆ ತಾನೇ? ಬಲಗೈಗೇನಾಗಿದೆ ಧಾಡಿ?”

“ಹಿಡಿದ ಮೇಲೆ?”

“ಹಿಡಿದ ಮೇಲೆ ರೇಡಿಯೋ ಓಡಿಬಂದು ಇಸ್ಕೋತಾನೆ. ಪಕ್ಕದಲ್ಲೇ ಇರ್ತಾನಲ್ಲ. ಅವನ ಬಾಯಿಗೆ ಹೇಗೂ ಬಿಡುವಿಲ್ಲ, ಕಾಲಿಗೂ ಕೆಲಸ ಆಗ್ಲಿ.”

ಲೆಕ್ಕ ಸರಿಯಾಗಿಯೇ ಇತ್ತು. ಬ್ಯಾಟುಗಾರ ಚೆಂಡು ಹೊಡೆದು ಮೊದಲ ಬೇಸಿಗೆ ಓಡುತ್ತಾನೆ. ಅವನು ಮುಟ್ಟುವ ಮೊದಲೇ ಯಾರಾದರೂ ಚೆಂಡನ್ನು ಅಲ್ಲಿ ನಿಂತವನಿಗೆ ಎಸೆದರೆ ಬ್ಯಾಟುಗಾರ ಔಟು. ಅಲ್ಲಿ ನಿಂತವನ ಕೆಲಸ ಬಹುಪಾಲು ಹಿಡಿಯುವುದೇ. ಎಸೆಯಬೇಕಾದ ಸಂದರ್ಭ ಕಡಿಮೆ. ಆಗಲೂ ಅವನು ಎಸೆಯಲಾರ ಎಂಬುದನ್ನು ಎದುರಾಳಿಗಳಿಂದ ಮುಚ್ಚಿಡಬೇಕು, ಅಷ್ಟೇ. ಎಡಚನ ಕೈ ವಾಸಿಯಾಗಿದೆ, ಇನ್ನು ಕೆಲವು ವಾರಕ್ಕೆ ದಿಬ್ಬ ಹತ್ತುತ್ತಾನೆ ಎಂದು ತಂಡ ಸುದ್ದಿ ಹಬ್ಬಿಸಿತು.

ಅವನು ನಿಂತ. ಚೆನ್ನಾಗಿಯೇ ಹಿಡಿದ. ನೆಲಕ್ಕೆ ತಾಗಿ ಬಂದದ್ದು, ತಲೆಯ ಮೇಲೆ ಹೋಗುವಂಥದ್ದು, ಯಾವುದನ್ನೂ ಬಿಡಲಿಲ್ಲ. ಹಿಡಿದ ತಕ್ಷಣ ಶಾಲಾ ಬಸ್ಸಿನ ಡ್ರೈವರ್ ರೇಡಿಯೋ ಓಡಿಬರುತ್ತಿದ್ದ. “ಕೊಡಪ್ಪಾ ಕೊಡು, ಸಾಲ ಇಸ್ಕೊಂಡ ಹಾಗೆ ಹಿಡ್ಕೋಬೇಡ” ಎಂದು ಚೆಂಡು ಕಿತ್ತುಕೊಂಡು ಹೋಗುತ್ತಿದ್ದ. ನೋಡುವವರಿಗೆ ಅದು ಹುಡುಗಾಟದಂತೆ ಕಾಣುತ್ತಿತ್ತು.

ಎಡಚ ಎಣಿಸದೇ ಇದ್ದ ಸಂಗತಿ ಒಂದಿತ್ತು. ದಿಬ್ಬದ ಮೇಲೆ ಪಿಚರಿನ ಹತ್ತಿರ ಯಾರೂ ಸುಳಿಯುವುದಿಲ್ಲ. ಮೊದಲ ಬೇಸು ಹಾಗಲ್ಲ, ಅದು ಬಸ್ ನಿಲ್ದಾಣದ ಹಾಗೆ. ಎದುರಾಳಿ ಓಟಗಾರರು ಬಂದು ಪಕ್ಕದಲ್ಲೇ ನಿಲ್ಲುತ್ತಾರೆ. ಮುಂದಿನ ಬೇಸಿಗೆ ಓಡುವ ತನಕ ಕಾಲ ಕಳೆಯಲು ಮಾತಾಡುತ್ತಾರೆ. ಬಿಸಿಲು ಹೇಗಿದೆ, ಮನೆಯಲ್ಲಿ ಹೇಗಿದ್ದಾರೆ, ಹೊಸ ಶೂ ಎಲ್ಲಿ ತಗೊಂಡೆ. ಎಡಚ ಹ್ಞೂಂ, ಉಹ್ಞೂಂ ಎನ್ನುತ್ತಿದ್ದ. ಆದರೆ ಯಂತ್ರದ ಕೋಣೆಯಲ್ಲಿ ವಾರವೆಲ್ಲ ಕೂತು ಬಂದವನಿಗೆ ಆ ಪುಟ್ಟ ಮಾತುಗಳು ಇಷ್ಟವಾಗತೊಡಗಿದವು. ಓಟಗಾರ ಬೇಸಿಗೆ ಬರದೆ ಔಟಾದರೆ ತಂಡಕ್ಕೆ ಖುಷಿ. ಅವನಿಗೂ ಖುಷಿಯೇ. ಆದರೂ ಪಕ್ಕದ ಜಾಗ ಖಾಲಿ ಉಳಿಯುತ್ತಿತ್ತಲ್ಲ.

ರೈಲ್ವೆ ತಂಡದ ಮೇಲಿನ ಪಂದ್ಯದಲ್ಲಿ ಅವನ ಪಕ್ಕಕ್ಕೆ ಬಂದು ನಿಂತವನು ಸಿಗ್ನಲ್ಲಿನವನು. ಕಿವಿಯ ಮೇಲೆ ನರೆ ಬಂದ, ಎಡಚನ ಎಸೆತಗಳಿಗೆ ವರ್ಷಗಟ್ಟಲೆ ಸೋತಿದ್ದ ಬ್ಯಾಟುಗಾರ. ಪ್ಯಾಂಟಿನ ಧೂಳು ಕೊಡವುತ್ತಾ ಎಡಚನ ಮುಖವನ್ನೇ ನೋಡಿದ.

“ನೀನು ದಿಬ್ಬದ ಮೇಲಿಲ್ದೆ ಆಟ ಸಪ್ಪೆ ಕಣಪ್ಪ. ನಿಜ ಹೇಳು, ಕೈ ಹೇಗಿದೆ?”

“ಹೋಯ್ತು” ಎಂದ ಎಡಚ. ಒಂದು ಮಾತು ಹೊರಟ ಮೇಲೆ ಉಳಿದವು ತಾವೇ ಹೊರಟವು. “ಎಸೆಯೋಕೇ ಆಗಲ್ಲ. ಇನ್ನು ಆಗೋದೂ ಇಲ್ಲ ಅಂದ್ರು. ಬೆಳಿಗ್ಗೆ ಅಂಗಿ ಹಾಕ್ಕೊಳ್ಳೋಕೆ ಕಷ್ಟ. ಮಲಗಿದ್ರೆ ಯಾವ ಮಗ್ಗುಲಿಗೆ ಇಟ್ಕೊಳ್ಳೋದು ಅಂತ ಗೊತ್ತಾಗಲ್ಲ.”

“ಅಯ್ಯೋ” ಎಂದ ಸಿಗ್ನಲ್ಲಿನವನು. ಆ ಅಯ್ಯೋ ಸುಳ್ಳಾಗಿರಲಿಲ್ಲ. ಅವನು ಎಡಚನ ಭುಜದ ಮೇಲೆ ಕೈಯಿಟ್ಟ. ಅಷ್ಟರಲ್ಲಿ ಎರಡನೇ ಬೇಸಿಗೆ ಓಡಿ ಅವನು ಔಟಾದ. ಅವನು ತನ್ನ ತಂಡದ ಬೆಂಚಿಗೆ ಹೋಗಿ ಕೂತ, ಒಂದಿಷ್ಟು ಹೊತ್ತು ನೆಲ ನೋಡಿದ, ಆಮೇಲೆ ಕೋಚಿನ ಕಿವಿಗೆ ಬಾಗಿದ. ಎಡಚ ಅದನ್ನು ಬೇಸಿನಿಂದಲೇ ನೋಡಿದ.

ಕೊನೆಯ ಸುತ್ತಿನಲ್ಲಿ ಸಮಸಮ. ರೈಲ್ವೆಯ ಓಟಗಾರನೊಬ್ಬ ಮೂರನೇ ಬೇಸಿನಲ್ಲಿ ನಿಂತಿದ್ದ. ಅವನು ಮನೆಯ ಬೇಸು ಮುಟ್ಟಿದರೆ ಪಂದ್ಯ ಅವರದು. ಬ್ಯಾಟುಗಾರ ಹೊಡೆಯಲಿಲ್ಲ. ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಮೆಲ್ಲಗೆ ಎಡಚನ ಕಡೆಗೇ ಉರುಳಿಸಿದ. ಎಡಚ ಮುಂದೋಡಿ ಹಿಡಿದ. ಎದುರಿಗೆ ಟೈಲರ್ ಗ್ಲೌಸು ಅಗಲಿಸಿಕೊಂಡು “ಎಸಿ! ಎಸಿ!” ಎಂದು ಕಿರುಚುತ್ತಿದ್ದ. ಕೆಲವೇ ಗಜ ದೂರ, ಮಕ್ಕಳೂ ಎಸೆದುಬಿಡಬಹುದು. ಎಡಚ ಚೆಂಡು ಹಿಡಿದುಕೊಂಡು ಓಡಿದ. ಅವನು ಅರ್ಧ ದಾರಿಯಲ್ಲಿರುವಾಗಲೇ ಓಟಗಾರ ಮನೆ ಮುಟ್ಟಿ, ಎದ್ದು, ಧೂಳು ಒರೆಸಿಕೊಳ್ಳುತ್ತಿದ್ದ.

ಬಟ್ಟೆ ಬದಲಿಸುವ ತಗಡಿನ ಶೆಡ್ಡಿನಲ್ಲಿ ಎಲ್ಲರೂ ಬೆವರಿದ ಅಂಗಿ ಬಿಚ್ಚಿ ಚೀಲಕ್ಕೆ ತುರುಕುತ್ತಿದ್ದರು. ಡ್ರಿಲ್ ಮೇಷ್ಟ್ರು, “ಹೇಗೆ ಗೊತ್ತಾಯ್ತೋ ಅವರಿಗೆ?” ಎಂದರು.

ಎಡಚ ಶೂ ಲೇಸು ಬಿಚ್ಚುತ್ತಾ, “ನಾನೇ ಹೇಳ್ದೆ” ಎಂದ.

ರೇಡಿಯೋ ತಿರುಗಿದ. “ಯಾರಿಗೆ?”

“ಸಿಗ್ನಲ್ಲಿನವನಿಗೆ.”

“ಯಾಕೆ?”

“ಕೇಳ್ದ.”

“ಕೇಳ್ದ ಅಂತ ಹೇಳ್ಬಿಟ್ಯಾ? ನಾನು ಇಷ್ಟು ದಿನದಿಂದ ನಿನ್ನ ಪಕ್ಕ ನಿಂತು ಒದರ್ತಿದೀನಿ. ನಂಗೆ ಒಂದು ದಿನ ಒಂದು ಮಾತು ಹೇಳಿದೀಯಾ? ಅವನ ಮುಂದೆ ಬಾಯಿ ಬಂತಾ?”

ನೀನು ಯಾವತ್ತೂ ಕೇಳಲಿಲ್ಲವಲ್ಲ ಎಂಬ ಉತ್ತರ ಎಡಚನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ಮೇಷ್ಟ್ರು ಬೈದರೆ ಒಳ್ಳೆಯದಿತ್ತು. ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡು, “ಆಯ್ತು, ಹೊರಡಿ ಎಲ್ಲ” ಎಂದರು.

ಮುಂದಿನ ಪಂದ್ಯದಲ್ಲೂ ರೇಡಿಯೋ ಓಡಿಬಂದ, ಚೆಂಡು ತೆಗೆದುಕೊಂಡ, ಹೋದ. ಬಾಯಿಂದ ಒಂದಕ್ಷರ ಬರಲಿಲ್ಲ. ರೇಡಿಯೋ ಆಫ್ ಆಗಿದೆ ಎಂದು ನೋಡುವವರು ತಮಾಷೆ ಮಾಡಿದರು. ಎಡಚನಿಗೆ ಆ ಮೌನ ಸಹಿಸಲಿಕ್ಕಾಗಲಿಲ್ಲ. ಮಾತೇ ಆಡದವನಿಗೆ ಇನ್ನೊಬ್ಬರ ಮಾತು ಎಷ್ಟು ಬೇಕಾಗಿತ್ತೆಂದು ಆಗ ಗೊತ್ತಾಯಿತು. ಗುಟ್ಟು ರಟ್ಟಾದ ಮೇಲೆ ಎಲ್ಲ ತಂಡಗಳೂ ಚೆಂಡನ್ನು ಅವನ ಕಡೆಗೇ ಉರುಳಿಸತೊಡಗಿದವು. ಪಕ್ಕಕ್ಕೆ ಬಂದು ನಿಲ್ಲುವ ಓಟಗಾರರೊಂದಿಗೂ ಅವನು ಈಗ ಹ್ಞೂಂ ಎನ್ನುವುದನ್ನೂ ಬಿಟ್ಟ.

ತಂಡ ಬಿಟ್ಟುಬಿಡುತ್ತೇನೆಂದು ಹೇಳಲು ಒಂದು ಸಂಜೆ ಮೇಷ್ಟ್ರ ಮನೆಯ ತನಕ ಹೋದ. ಗೇಟಿನ ಹತ್ತಿರ ನಿಂತ. ಒಳಗೆ ಮೇಷ್ಟ್ರು ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಲೋಟ, ಚಮಚಗಳನ್ನು ಆಟಗಾರರ ಹಾಗೆ ಇಟ್ಟುಕೊಂಡು, ಒಂದು ಲೋಟವನ್ನು ಆ ಕಡೆ ಈ ಕಡೆ ಸರಿಸುತ್ತಿದ್ದರು. ಆ ಲೋಟ ತಾನೇ ಎಂದು ಅವನಿಗೆ ಅನುಮಾನವಿರಲಿಲ್ಲ. ಮೇಷ್ಟ್ರು ಅದನ್ನು ಎತ್ತಿ ಹೊರಗಿಡಲಿಲ್ಲ. ಎಡಚ ಗೇಟು ತೆಗೆಯದೆ ಹಿಂದಿರುಗಿದ.

ಅಂದಿನಿಂದ ಪಾಳಿ ಶುರುವಾಗುವ ಮುಂಚೆ ಐಸ್ ಕರಗದಂತೆ ಹೊದಿಸುವ ಮರದಪುಡಿ ತುಂಬಿಟ್ಟ ಕಾರ್ಖಾನೆಯ ಗೋದಾಮಿಗೆ ಹೋಗತೊಡಗಿದ. ಅಲ್ಲಿ ಛಾವಣಿ ಮುಟ್ಟುವಷ್ಟು ಚೀಲಗಳು. ಒಂದು ಚೀಲದ ಮೇಲೆ ಸುಣ್ಣದಲ್ಲಿ ಗುಂಡಗೆ ಗುರುತು ಮಾಡಿದ. ಚೆಂಡು ನೆಲದ ಮೇಲಿಟ್ಟು, ಓಡಿಬಂದು, ಬಲಗೈಯ ಗ್ಲೌಸಿನಲ್ಲೇ ಬಾಚಿ, ಕೈಗೆ ತೆಗೆದುಕೊಳ್ಳದೆ ಗ್ಲೌಸಿನಿಂದಲೇ ಗುರುತಿನ ಕಡೆಗೆ ಚಿಮ್ಮಿಸಬೇಕು. ಮೊದಲು ಚೆಂಡು ಕಾಲ ಬುಡದಲ್ಲೇ ಬಿತ್ತು. ಆಮೇಲೆ ಹಿಂದಕ್ಕೆ ಹಾರಿ ಅವನ ಬೆನ್ನಿಗೇ ಬಡಿಯಿತು. ಇಡೀ ಜನ್ಮ ಎಡಗೈಯವನಾಗಿ ಬದುಕಿದವನು ಬಲಗೈಯ ಮುಂದೆ ಒಂದನೇ ತರಗತಿಯಲ್ಲಿ ಕೂತಂತಾಗಿತ್ತು. ಮರದಪುಡಿ ಮೂಗಿಗೇರಿ ಸೀನು ಬರುತ್ತಿತ್ತು. ಒಮ್ಮೆ ಹಳೆಯ ಅಭ್ಯಾಸದಲ್ಲಿ, ಎಡಚ ಚೀಲಗಳ ಕಡೆ ನೋಡಿ ತಲೆ ಅಲ್ಲಾಡಿಸಿದ, ಬೇರೆ ಬೆರಳು ತೋರಿಸು ಅನ್ನುವ ಹಾಗೆ. ಅಲ್ಲಿ ಚೀಲಗಳ ಹೊರತು ಯಾರೂ ಇರಲಿಲ್ಲ. ನಾಚಿಕೆಯಾಗಿ ಸುತ್ತ ನೋಡಿಕೊಂಡ. ತಾನು ಮಾಡುತ್ತಿರುವುದನ್ನು ತಂಡದಲ್ಲಿ ಯಾರಿಗೂ ಹೇಳಲಿಲ್ಲ. ಬಂದರೆ ಬರಲಿ, ಬರದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಋತುವಿನ ಕೊನೆಯ ಪಂದ್ಯ ಗಿರಣಿ ತಂಡದ ಜೊತೆ. ಬಂದರು ತಂಡ ಒಂದೇ ಓಟ ಮುಂದಿತ್ತು. ಕೊನೆಯ ಸುತ್ತು, ಒಬ್ಬ ಔಟು, ಮೂರನೇ ಬೇಸಿನಲ್ಲಿ ಅವರ ಓಟಗಾರ. ಏನಾಗುತ್ತದೆಂದು ಮೈದಾನಕ್ಕೆಲ್ಲ ಗೊತ್ತಿತ್ತು. ಕ್ಷೌರಿಕನ ಚೆಂಡು ತೇಲಿಕೊಂಡು ಬಂತು, ಬ್ಯಾಟು ಅಡ್ಡವಾಯಿತು. ಬ್ಯಾಟಿಗೆ ತಾಗುವ ಮೊದಲೇ ಎಡಚ ಓಡಲು ಶುರುಮಾಡಿದ್ದ. ಉರುಳಿ ಬಂದ ಚೆಂಡನ್ನು ಬಾಗಿ ಬಾಚಿದ. ಓಡುತ್ತಿದ್ದ ಮೈಯ ಬಿಸಿಯಲ್ಲೇ ಬಲಗೈ ಬೀಸಿದ. ಚೆಂಡು ಗ್ಲೌಸಿನಿಂದ ಜಿಗಿದು, ಒಂದು ಗುಲಗಂಜಿಯಷ್ಟೂ ವೇಗವಿಲ್ಲದೆ, ಅಳೆದು ಕತ್ತರಿಸಿದ ಹಾಗೆ ಟೈಲರನ ಎದೆಯ ಮುಂದೆ ಹೋಯಿತು. ಟೈಲರನಿಗೆ ಎಷ್ಟು ಆಶ್ಚರ್ಯವಾಯಿತೆಂದರೆ ಹಿಡಿದ ಮೇಲೆ ಒಂದು ಕ್ಷಣ ಚೆಂಡನ್ನೇ ನೋಡಿದ. ಓಟಗಾರ ಬಂದು ಅವನ ಗ್ಲೌಸಿಗೇ ಬಡಿದುಕೊಂಡ. ಔಟು. ಮುಂದಿನವನು ಗಾಳಿಗೆ ಎತ್ತಿ ಹೊಡೆದ ಚೆಂಡನ್ನೂ ಟೈಲರನೇ ಹಿಡಿದ, ಮೂರನೆಯವನೂ ಔಟಾಗಿ ಆಟ ಮುಗಿಯಿತು.

ಎಲ್ಲರೂ ಟೈಲರನ ಮೇಲೆ ಬಿದ್ದರು, ಯಾಕೆಂದರೆ ಚೆಂಡು ಅವನ ಕೈಯಲ್ಲಿತ್ತು. ಆಮೇಲೆ ಯಾರೋ ಎಡಚನ ಬೆನ್ನು ತಟ್ಟಿದರು. ಮೇಷ್ಟ್ರು, “ಎಲ್ಲಿ ಕಲಿತ್ಯೋ?” ಎಂದರು. “ಗೋದಾಮಲ್ಲಿ” ಎಂದ. ಗೆದ್ದರೂ ತಂಡ ಫೈನಲಿಗೆ ಹೋಗಲಿಲ್ಲ. ರೈಲ್ವೆಯವರು ತಮ್ಮ ಪಂದ್ಯ ಗೆದ್ದು ಮೇಲೆ ಹೋಗಿದ್ದರು.

ರೇಡಿಯೋ ಶೆಡ್ಡಿನ ಹೊರಗೆ ಬಸ್ಸು ತಂದು ನಿಲ್ಲಿಸಿ, “ಹತ್ತು, ಕಾರ್ಖಾನೆ ಹತ್ರ ಬಿಡ್ತೀನಿ” ಎಂದ. ಎಡಚ ಪುಟ್ಟ ಮಕ್ಕಳ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಮಡಿಸಿಕೊಂಡು ಕೂತ. ಸೀಟಿನ ಬೆನ್ನ ಮೇಲೆ ಯಾವುದೋ ಮಗು ಪೆನ್ನಿನಿಂದ ಮೀನು ಬರೆದಿತ್ತು. ಒಂದು ಕೆಂಪು ದೀಪದ ಹತ್ತಿರ ಬಸ್ಸು ನಿಂತಾಗ ರೇಡಿಯೋ ಕನ್ನಡಿಯಲ್ಲಿ ಅವನನ್ನು ನೋಡಿದ.

“ನೋಯುತ್ತಾ ಕೈ?”

“ನೋಯುತ್ತೆ.”

ರೇಡಿಯೋನ ಕಣ್ಣು ಮತ್ತೆ ದೀಪದ ಕಡೆಗೆ ಹೋಯಿತು. ಎಡಚ ಮುಂದೆ ಏನು ಹೇಳಬೇಕೆಂದು ಮಾತು ಜೋಡಿಸಿಕೊಳ್ಳುತ್ತಿದ್ದ. ಬಸ್ಸು ಹೊರಟಿತು. “ನಮ್ಮನೆಯವಳಿಗೂ ಭುಜ ನೋವು ನೋಡು, ಬಟ್ಟೆ ಒಣಗಿಹಾಕೋಕೂ ಆಗಲ್ಲ ಅಂತಾಳೆ, ಅವಳ ತಮ್ಮ ಬಂದಿದಾನೆ, ಅವನೊಬ್ಬ ದಂಡಪಿಂಡ…” ಎಂದು ಶುರುವಾದವನು ಕಾರ್ಖಾನೆ ಗೇಟು ಬರುವ ತನಕ ನಿಲ್ಲಿಸಲಿಲ್ಲ. ಎಡಚ ಇಳಿದ. ಧನ್ಯವಾದ ಹೇಳೋಣವೆಂದು ತಿರುಗುವಷ್ಟರಲ್ಲಿ ಬಸ್ಸು ಮೂಲೆ ದಾಟಿತ್ತು.

ಮುಂದಿನ ವರ್ಷ ಬೇರೆ ಊರಿಂದ ವರ್ಗವಾಗಿ ಬಂದ ಅಂಚೆ ಗುಮಾಸ್ತನೊಬ್ಬ ದಿಬ್ಬ ಹತ್ತಿದ. ಗಟ್ಟಿ ಪಿಚರು. ಎಡಚನಿಗೆ ಮೊದಲ ಬೇಸು ಕಾಯಂ ಆಯಿತು. ಅಲ್ಲಿಂದ ನೋಡಿದರೆ ದಿಬ್ಬ ಬರೀ ಒಂದು ಗುಡ್ಡೆ ಮಣ್ಣು. ಇಷ್ಟು ಚಿಕ್ಕ ಜಾಗದಲ್ಲಿ ಅಷ್ಟು ವರ್ಷ ಹೇಗೆ ನಿಂತಿದ್ದೆ ಅನ್ನಿಸುತ್ತಿತ್ತು. ಪಕ್ಕಕ್ಕೆ ಬಂದು ನಿಲ್ಲುವ ಓಟಗಾರರ ಜೊತೆ ಒಂದೆರಡು ಮಾತಾಡುವುದನ್ನು ಅವನು ಮತ್ತೆ ರೂಢಿ ಮಾಡಿಕೊಂಡ, ಈ ಸಲ ತಾನೇ ಶುರುಮಾಡಿ. ಬಿಸಿಲು, ಗಾಳಿ, ಅವರ ಮಕ್ಕಳ ಶಾಲೆ. ಅವರೂ ಚೆನ್ನಾಗಿಯೇ ಮಾತಾಡಿ, ಸಮಯ ಬಂದಾಗ ಎರಡನೇ ಬೇಸಿಗೆ ಓಡಿಹೋಗುತ್ತಿದ್ದರು. ಕೈ ಹೇಗಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.